ಎಣಿಸದ ನೂರು

ನನಗೊಂದು ಚಾಳಿಯಿದೆ. ಅಂಗಡಿಯಿಂದ ತಂದ ಪೊಟ್ಟಣ ಯಾವುದೇ ಇರಲಿ, ಅದರ ಮೇಲೆ ಒಳಗೆ ಇಂತಿಷ್ಟಿದೆ ಎಂದು ಅಚ್ಚಾಗಿದ್ದರೆ ಬಿಚ್ಚಿದ ಕೂಡಲೇ ಎಣಿಸುತ್ತೇನೆ. ಬೆಂಕಿಪೊಟ್ಟಣದ ಕಡ್ಡಿ, ಊದುಬತ್ತಿ, ಗುಂಡುಸೂಜಿ, ಶಾಲೆಯ ಪ್ರಯೋಗಾಲಯಕ್ಕೆ ಬರುವ ಲಿಟ್ಮಸ್ ಕಾಗದ, ಯಾವುದನ್ನೂ ಬಿಡುವುದಿಲ್ಲ. "ಎರಡು ಕಡ್ಡಿ ಕಮ್ಮಿಯಾದ್ರೆ ದೇವರ ದೀಪ ಹೊತ್ತೋದಿಲ್ವಾ?" ಎಂದು ನನ್ನಾಕೆ ಕೇಳುತ್ತಾಳೆ. ಮಕ್ಕಳು ಚಿಕ್ಕವರಿದ್ದಾಗ ನಗುತ್ತಿದ್ದರು, ಈಗ ದೊಡ್ಡವರಾಗಿ ನೆಂಟರ ಮುಂದೆ ನಾಚಿಕೊಳ್ಳುತ್ತಾರೆ. ಜಿಪುಣ ಎಂದು ನನಗೆ ಹೆಸರೂ ಬಂದಿದೆ. ಅದು ಜಿಪುಣತನವಲ್ಲ, ಒಂದು ತಪ್ಪಿಗೆ ಮಾಡಿಕೊಂಡ ಪ್ರಾಯಶ್ಚಿತ್ತ ಎಂಬುದು ನನಗೆ ಮಾತ್ರ ಗೊತ್ತು. ಇನ್ನು ಮೂರು ವರ್ಷಕ್ಕೆ ನಿವೃತ್ತನಾಗುವವನು. ಅಷ್ಟರೊಳಗೆ ಹೇಳಿಬಿಡೋಣ ಎನ್ನಿಸಿದೆ.

ನಮ್ಮದು ತೀರ್ಥಹಳ್ಳಿ ಸೀಮೆಯ ಒಂದು ಅಡಿಕೆ ತೋಟದ ಮನೆ. ಅಪ್ಪಯ್ಯನ ಹೆಸರಿನಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಒಂದು ಹಳೆಯ ಒಂಟಿನಳಿಗೆಯ ಕೇಪಿನ ಕೋವಿ ಇತ್ತು. ಈಗಿನ ಹುಡುಗರಿಗೆ ಕೇಪಿನ ಕೋವಿ ಎಂದರೆ ವಿವರಿಸಬೇಕು. ತೋಟಾ ಕೋವಿಯಲ್ಲಿ ಎಲ್ಲವೂ ಒಂದೇ ಕೊಳವೆಯೊಳಗೆ ತಯಾರಾಗಿ ಬಂದಿರುತ್ತದೆ. ಕೇಪಿನ ಕೋವಿಯಲ್ಲಿ ಹಾಗಲ್ಲ. ಮದ್ದು ಬೇರೆ, ಚರೆ ಬೇರೆ, ಕೇಪು ಬೇರೆ. ಮದ್ದು ಚರೆಗಳನ್ನು ನಳಿಗೆಯ ಬಾಯಿಂದ ತುಂಬುವುದು. ಕೇಪು ಎಂದರೆ ತಾಮ್ರದ ತಗಡಿನ ಒಂದು ಪುಟ್ಟ ಟೊಪ್ಪಿ. ಅದರೊಳಗೆ ಒಂದು ಚಿಟಿಕೆಗಿಂತಲೂ ಕಡಿಮೆ ಸ್ಫೋಟಕವನ್ನು ಅಂಟಿಸಿರುತ್ತಾರೆ. ಕೋವಿಯ ಹಿಂಬದಿಯಲ್ಲಿರುವ ಸಣ್ಣ ಕೊಳವೆಯ ತುದಿಗೆ ಅದನ್ನು ತೊಡಿಸಬೇಕು. ಕುದುರೆ ಬಂದು ಬಡಿದಾಗ ಅದು ಸಿಡಿದು ಒಳಗಿನ ಮದ್ದಿಗೆ ಕಿಡಿ ಕೊಡುತ್ತದೆ.

ನಮ್ಮ ಕೋವಿ ಹೊಡೆದದ್ದಕ್ಕಿಂತ ಹೆದರಿಸಿದ್ದೇ ಹೆಚ್ಚು. ಮಂಗಗಳು ತೋಟಕ್ಕಿಳಿದು ಎಳೆಗಾಯಿ ಉದುರಿಸುತ್ತಿದ್ದವು. ಆಗ ಚರೆ ಹಾಕದೆ ಬರೀ ಮದ್ದಿನ ಒಂದು ಈಡು ಸಾಕು, ಅರ್ಧ ದಿನ ಅವು ಆಚೆ ಗುಡ್ಡ ಬಿಟ್ಟು ಬರುತ್ತಿರಲಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಅಪ್ಪಯ್ಯ ಶಿಕಾರಿಯ ಮಾತನ್ನೇ ಆಡಿದವರಲ್ಲ.

ಮದ್ದುಗುಂಡಿನ ಅಂಗಡಿಯಲ್ಲಿ ಮದ್ದನ್ನು ತೂಗಿ ಕೊಡುತ್ತಾರೆ, ಚರೆಯನ್ನೂ ತೂಗಿ ಕೊಡುತ್ತಾರೆ. ಕೇಪಿನದು ಮಾತ್ರ ಎಣಿಕೆಯ ವ್ಯಾಪಾರ. ನೂರರ ಡಬ್ಬಿ, ತಗಡಿನದು, ಸುತ್ತ ಕಾಗದದ ಪಟ್ಟಿ ಅಂಟಿಸಿದ್ದು. ಕೊಂಡದ್ದನ್ನು ಅಂಗಡಿಯವರು ತಮ್ಮ ರಿಜಿಸ್ಟರಿನಲ್ಲಿ ಬರೆದುಕೊಂಡು, ಲೈಸೆನ್ಸ್ ಪುಸ್ತಕದಲ್ಲೂ ಬರೆದು ಸೀಲು ಹಾಕುತ್ತಿದ್ದರು. ವರ್ಷಕ್ಕೆ ಎಷ್ಟು ಕೊಳ್ಳಬಹುದು, ಒಮ್ಮೆಗೆ ಎಷ್ಟು ಇಟ್ಟುಕೊಳ್ಳಬಹುದು ಎಂಬುದಕ್ಕೆ ಲೈಸೆನ್ಸಿನಲ್ಲೇ ಮಿತಿಯಿರುತ್ತದೆ. ಅಪ್ಪಯ್ಯ ಇದಕ್ಕೆಂದೇ ಒಂದು ಉದ್ದನೆಯ ನೋಟುಪುಸ್ತಕ ಇಟ್ಟಿದ್ದರು. ತಾರೀಖು, ಎಷ್ಟು ಕೇಪು, ಯಾಕೆ, ಉಳಿದದ್ದೆಷ್ಟು. 'ಠುಸ್' ಎಂದು ಹುಸಿಹೋದ ಕೇಪಿಗೂ ಅದರಲ್ಲಿ ಒಂದು ಸಾಲು.

1995ರ ಡಿಸೆಂಬರ್. ಅಡಿಕೆ ಕೊಯ್ಲಿನ ಕಾಲ. ಲೈಸೆನ್ಸ್ ಆಗ ಮೂರು ವರ್ಷಕ್ಕೊಮ್ಮೆ ನವೀಕರಣವಾಗಬೇಕಿತ್ತು. ವಾಯಿದೆ ಮುಗಿಯುತ್ತ ಬಂದದ್ದರಿಂದ ಒಂದು ಸಂಜೆ ಅಪ್ಪಯ್ಯ ಜಗಲಿಯಲ್ಲಿ ಕೂತು ಕಬ್ಬಿಣದ ಟ್ರಂಕು ತೆಗೆಸಿದರು. ಅದರ ಹಿಂದಿನ ವರ್ಷ ದಸರಾ ಹೊತ್ತಿಗೆ ತಂದ ಒಂದೇ ಡಬ್ಬಿ. ಪುಸ್ತಕದ ಪ್ರಕಾರ ಖರ್ಚಾದದ್ದು 38. ನೂರರಲ್ಲಿ ಮೂವತ್ತೆಂಟು ಕಳೆದರೆ ಅರವತ್ತೆರಡು ಇರಬೇಕು. ಅಪ್ಪಯ್ಯ ಕೇಪುಗಳನ್ನು ಬಾಳೆಲೆಯ ಮೇಲೆ ಹರಡಿಕೊಂಡು, ಭತ್ತ ಅಳೆಯುವಾಗ ಹೇಳುವಂತೆ "ಲಾಭ, ಎರಡು, ಮೂರು" ಎಂದು ಎಣಿಸಿದರು. ಐವತ್ತೊಂಬತ್ತಕ್ಕೆ ನಿಂತಿತು. ಮತ್ತೊಮ್ಮೆ ಎಣಿಸಿದರು. ಆಮೇಲೆ ನನ್ನನ್ನು ಕರೆದು ಎಣಿಸಲು ಹೇಳಿದರು. ನನಗೂ ಐವತ್ತೊಂಬತ್ತೇ ಬಂತು.

"ಮೂರು ಎಲ್ಲಿ ಹೋಯ್ತೋ?" ಎಂದರು ಅಪ್ಪಯ್ಯ. ಬೇರೆಯವರಾದರೆ ಮೂರು ಸಾಲು ಹೆಚ್ಚಿಗೆ ಬರೆದು ಲೆಕ್ಕ ಸರಿಮಾಡಿಬಿಡುತ್ತಿದ್ದರು. ಅಪ್ಪಯ್ಯನಿಗೆ ಅದು ಬರುತ್ತಿರಲಿಲ್ಲ. "ಲೈಸೆನ್ಸ್ ಪುಸ್ತಕದಲ್ಲಿ ನೂರು ಅಂತ ಸೀಲಿದೆ. ಸಾಹೇಬರು ಕೇಳಿದ್ರೆ ಏನು ಹೇಳೋದು? ಮಾರಿಕೊಂಡೆ ಅಂದುಕೊಳ್ತಾರೆ" ಎಂದು ರಾತ್ರಿಯೆಲ್ಲ ಹೊರಳಾಡಿದರು. ಅವರಿಗೆ ಆಗಲೇ ಅರವತ್ತಾಗಿತ್ತು. ಒಂದು ದಿನವೂ ಕಚೇರಿಯ ಮುಂದೆ ತಲೆತಗ್ಗಿಸಿ ನಿಂತವರಲ್ಲ.

ನನಗೆ ಆಗ ಇಪ್ಪತ್ತೆಂಟು. ಬಿಎಸ್ಸಿ, ಬಿಎಡ್ ಮುಗಿಸಿ ಪಕ್ಕದ ಊರಿನ ಪ್ರೌಢಶಾಲೆಗೆ ವಿಜ್ಞಾನದ ಮೇಷ್ಟ್ರಾಗಿ ಸೇರಿ ಎರಡು ವರ್ಷವಾಗಿತ್ತು. ಕಾರ್ಯ ಕಾರಣ ಸಂಬಂಧವನ್ನು ದಿನಾ ಪಾಠ ಹೇಳುವವನು. ಆ ರಾತ್ರಿಯೇ ನಾನು ಕಾರಣ ಕಂಡುಹಿಡಿದುಬಿಟ್ಟೆ.

ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಹೆಂಗಸೊಬ್ಬಳ ಮಗ ನನ್ನ ಒಂಬತ್ತನೆಯ ತರಗತಿಯಲ್ಲೇ ಓದುತ್ತಿದ್ದ. ಅವನ ಹೆಸರು ಇಲ್ಲಿ ಬೇಡ. ಶಾಲೆ ಬಿಟ್ಟಮೇಲೆ ತಾಯಿಗಾಗಿ ಕಾಯುತ್ತ ನಮ್ಮ ಅಂಗಳದಲ್ಲೇ ಇರುತ್ತಿದ್ದ. ಟ್ರಂಕಿನ ಬೀಗದಕೈ ದೇವರ ಪಟದ ಹಿಂದೆ ಇರುತ್ತದೆಂದು ಮನೆಯ ಬೆಕ್ಕಿಗೂ ಗೊತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಕೆಲವು ವಾರಗಳ ಹಿಂದೆ ಅವನು ತರಗತಿಯಲ್ಲಿ ಎದ್ದುನಿಂತು ಕೇಳಿದ್ದ: "ಸಾರ್, ಬೆಂಕಿ ಮುಟ್ಟಿಸದೇ ಬರೀ ಬಡಿದರೆ ಕೇಪು ಯಾಕೆ ಸಿಡಿಯುತ್ತೆ?"

ಎಂಥ ಒಳ್ಳೆಯ ಪ್ರಶ್ನೆ! ಆ ದಿನ ಪಾಠ ಬದಿಗಿಟ್ಟು ಉತ್ತರ ಹೇಳಿದ್ದೆ. ಕೆಲವು ರಾಸಾಯನಿಕಗಳಿಗೆ ಕಿಡಿಯೇ ಬೇಕಿಲ್ಲ, ಪೆಟ್ಟು ಸಾಕು. 1800ರಲ್ಲಿ ಎಡ್ವರ್ಡ್ ಹೋವರ್ಡ್ ಎಂಬ ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಪಾದರಸದಿಂದ ಅಂಥದೊಂದು ವಸ್ತುವನ್ನು ಮಾಡಿ ಅದರ ಗುಣವನ್ನು ವಿವರಿಸಿದ. ಸ್ಕಾಟ್ಲೆಂಡಿನ ಪಾದ್ರಿ ಅಲೆಗ್ಸಾಂಡರ್ ಫೋರ್ಸೈತ್ ಹಕ್ಕಿ ಬೇಟೆಯ ಹುಚ್ಚಿನವನು. ಚಕಮಕಿ ಕೋವಿಯ ಕಿವಿಯಲ್ಲಿ ಮೊದಲು ಮಿಂಚು ಕಾಣುತ್ತಿತ್ತು, ಈಡು ಹಾರುವ ಹೊತ್ತಿಗೆ ಹಕ್ಕಿ ಹಾರಿಹೋಗುತ್ತಿತ್ತು. ಪೆಟ್ಟಿಗೆ ಸಿಡಿಯುವ ರಾಸಾಯನಿಕವನ್ನು ಬಳಸಿ ಆ ತಡವನ್ನು ತಪ್ಪಿಸುವ ಉಪಾಯಕ್ಕೆ ಅವನು 1807ರಲ್ಲಿ ಹಕ್ಕುಪತ್ರ ಪಡೆದ. ಮುಂದೆ ಅದನ್ನೇ ತಾಮ್ರದ ಟೊಪ್ಪಿಯಲ್ಲಿ ಹಾಕಿದರು, ಕೇಪಾಯಿತು. ಹುಡುಗ ಬಾಯಿಬಿಟ್ಟುಕೊಂಡು ಕೇಳಿದ್ದ.

ಅದೇ ಹುಡುಗ, ಅದೇ ಕೇಪು. ನನಗೆ ಇನ್ನೇನು ಬೇಕಿತ್ತು? ಒಳ್ಳೆಯ ಪ್ರಶ್ನೆ ಕೇಳಿದ್ದೇ ಅವನ ಅಪರಾಧಕ್ಕೆ ಸಾಕ್ಷಿಯಾಯಿತು.

ಮರುದಿನ ಮೊದಲ ಪಿರಿಯಡ್ಡಿನಲ್ಲೇ ಅವನನ್ನು ಎದ್ದುನಿಲ್ಲಿಸಿದೆ. "ಟ್ರಂಕಿನಿಂದ ಎಷ್ಟು ತೆಗೆದೆ?" ಎಂದೆ. "ಏನು ಸಾರ್?" ಎಂದ. "ಗೊತ್ತಿಲ್ಲದ ಹಾಗೆ ಆಡಬೇಡ. ಚೀಲ ಸುರಿ" ಎಂದೆ. ನಲವತ್ತು ಮಕ್ಕಳ ಮುಂದೆ ಸುರಿದ. ಎರಡು ನೋಟುಪುಸ್ತಕ, ಅರ್ಧ ಪೆನ್ಸಿಲು, ಹುರಿದ ಹಲಸಿನ ಬೀಜ ನಾಲ್ಕು, ಸೈಕಲ್ಲಿನ ಬೇರಿಂಗಿನ ಉಕ್ಕಿನ ಗುಂಡು ಎರಡು. ಕೇಪು ಇರಲಿಲ್ಲ. ಇರಲಿಲ್ಲವಾದರೆ ಅಷ್ಟಕ್ಕಾದರೂ ಸುಮ್ಮನಾಗಬೇಕಿತ್ತು. "ಹೊಡೆದು ಮುಗಿಸಿರ್ತೀಯ" ಎಂದುಬಿಟ್ಟೆ. ಅವನು ಅಳಲಿಲ್ಲ. ಬಿದ್ದದ್ದನ್ನೆಲ್ಲ ಒಂದೊಂದಾಗಿ ಆರಿಸಿ ಚೀಲಕ್ಕೆ ಹಾಕಿಕೊಂಡು ಕೂತ. ಮಾರನೆಯ ದಿನದಿಂದ ಶಾಲೆಗೆ ಬರಲಿಲ್ಲ. ಅವನ ತಾಯಿಯೂ ನಮ್ಮ ತೋಟಕ್ಕೆ ಬರಲಿಲ್ಲ.

ಇತ್ತ ಅಪ್ಪಯ್ಯ ಕೋವಿ, ಪುಸ್ತಕ, ಡಬ್ಬಿ ಎಲ್ಲ ತೆಗೆದುಕೊಂಡು ನವೀಕರಣಕ್ಕೆ ಹೋದರು. ಅಲ್ಲಿ ಕೋವಿಯ ನಂಬರು ನೋಡಿದರು, ಶುಲ್ಕ ಕಟ್ಟಿಸಿಕೊಂಡರು, ಸೀಲು ಒತ್ತಿದರು. ಕೇಪಿನ ಡಬ್ಬಿಯ ಮುಚ್ಚಳವನ್ನು ಯಾರೂ ತೆಗೆಯಲೇ ಇಲ್ಲ. ಮೂರು ಕೇಪಿನ ವಿಷಯ ಕೇಳಿದವರೂ ಇಲ್ಲ. ಅಪ್ಪಯ್ಯ ತಾವಾಗಿಯೇ ಹೇಳಲು ಹೋದರಂತೆ, "ಆಯ್ತು ಹೋಗಿ ಯಜಮಾನ್ರೇ" ಎಂದು ಕಳಿಸಿದರಂತೆ.

ಜನವರಿಯಲ್ಲಿ ಪೇಟೆಗೆ ಹೋದಾಗ ಅಪ್ಪಯ್ಯ ಇನ್ನೊಂದು ಡಬ್ಬಿ ತಂದರು. ಈ ಸಲ ಲೆಕ್ಕ ತಪ್ಪಬಾರದೆಂದು ತಂದ ದಿನವೇ ಜಗಲಿಯಲ್ಲಿ ಕೂತು, ಕಾಗದದ ಪಟ್ಟಿಯನ್ನು ಚಾಕುವಿನಿಂದ ಕುಯ್ದು, ಬಾಳೆಲೆಯ ಮೇಲೆ ಸುರಿದು ಎಣಿಸತೊಡಗಿದರು. ನಾನು ಪಕ್ಕದಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅವರ ದನಿ ತೊಂಬತ್ತೆಂಟಕ್ಕೆ ನಿಂತಿತು. ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ನಾನು ಎಣಿಸಿದೆ. ತೊಂಬತ್ತೆಂಟು. ಅಮ್ಮನನ್ನು ಕರೆದು ಎಣಿಸಲು ಹೇಳಿದೆವು. ತೊಂಬತ್ತೆಂಟು.

ನನ್ನ ಕೈಯಲ್ಲಿದ್ದ ಕೆಂಪು ಶಾಯಿಯ ಪೆನ್ನು ಹಾಗೇ ನಿಂತಿತು.

ಮರುದಿನ ಆಚೆ ಮನೆಗೆ ಹೋಗಿ ವಿಚಾರಿಸಿದೆ. ಅವರಲ್ಲೂ ಕೇಪಿನ ಕೋವಿಯಿತ್ತು, ಒಡೆಯದ ಡಬ್ಬಿಯೂ ಇತ್ತು. ನನ್ನ ಒತ್ತಾಯಕ್ಕೆ ತೆಗೆದು ಎಣಿಸಿದರು. ನೂರಾಮೂರು! ಯಜಮಾನರಿಗೆ ಖುಷಿಯೋ ಖುಷಿ. ಆ ಶನಿವಾರ ಪೇಟೆಯ ಅಂಗಡಿಗೆ ಹೋದೆ. ಅಂಗಡಿಯ ಹಿರಿಯರು ಕನ್ನಡಕ ಮೇಲೇರಿಸಿ ನಕ್ಕರು. "ಮೇಷ್ಟ್ರೇ, ಇಷ್ಟು ಸಣ್ಣ ಸಾಮಾನನ್ನ ಯಾರು ಕೂತು ಎಣಿಸ್ತಾರೆ? ತೂಗಿ ತುಂಬ್ತಾರೆ. ಒಂದೆರಡು ಹೆಚ್ಚು ಕಮ್ಮಿ ಇದ್ದದ್ದೇ. ಕಮ್ಮಿ ಬಂದವರು ಜಗಳಕ್ಕೆ ಬರ್ತಾರೆ, ಹೆಚ್ಚು ಬಂದವರು ಈ ಕಡೆ ತಲೆ ಹಾಕೋದಿಲ್ಲ" ಎಂದರು.

ತೂಗಿ ತುಂಬುತ್ತಾರೆ! ಅಲ್ಲಿಂದ ಬರುವಾಗ ಬಸ್ಸಿನಲ್ಲಿ ಕೂತು ಟಿಕೆಟಿನ ಹಿಂದೆಯೇ ಲೆಕ್ಕ ಹಾಕಿದೆ. ಲೆಕ್ಕ ಸುಲಭವಾಗಲೆಂದು ಒಂದು ಕೇಪು 100 ಮಿಲಿಗ್ರಾಂ ತೂಗುತ್ತದೆಂದು ಇಟ್ಟುಕೊಳ್ಳಿ. ನೂರು ಕೇಪಿಗೆ 10 ಗ್ರಾಂ. ತುಂಬುವವನು 10 ಗ್ರಾಂ ತೂಗಿ ಡಬ್ಬಿಗೆ ಹಾಕಿ ನೂರು ಎಂದು ಚೀಟಿ ಅಂಟಿಸುತ್ತಾನೆ. ಈಗ ತಾಮ್ರದ ತಗಡು ಒಂದು ಸಲ ಕೂದಲೆಳೆಯಷ್ಟು ದಪ್ಪ ಬಂತು, ಒಂದೊಂದು ಕೇಪು 103 ಮಿಲಿಗ್ರಾಂ ಆಯಿತು. ಆಗ 10 ಗ್ರಾಮಿಗೆ ಬರುವುದು 97 ಕೇಪು. ಇನ್ನೊಂದು ಸಲ ತಗಡು ತೆಳ್ಳಗೆ ಬಂದು 97 ಮಿಲಿಗ್ರಾಂ ಆದರೆ ಅದೇ 10 ಗ್ರಾಮಿಗೆ 103 ಕೇಪು. ತಕ್ಕಡಿ ಸರಿಯಿದೆ. ತೂಗುವವನು ಪ್ರಾಮಾಣಿಕ. ಯಾರೂ ಯಾರಿಗೂ ಮೋಸ ಮಾಡಲಿಲ್ಲ. ಆದರೂ ಒಂದು ಡಬ್ಬಿಯಲ್ಲಿ ಮೂರು ಕಡಿಮೆ, ಇನ್ನೊಂದರಲ್ಲಿ ಮೂರು ಹೆಚ್ಚು.

ಎರಡನೆಯ ಡಬ್ಬಿಯಲ್ಲಿ ಕಡಿಮೆಯಿತ್ತು ಎಂದಮಾತ್ರಕ್ಕೆ ಮೊದಲನೆಯದರಲ್ಲೂ ಕಡಿಮೆಯಿತ್ತೆಂದು ಸಾಧಿಸಿದಂತಾಗಲಿಲ್ಲ. ವಿಜ್ಞಾನದ ಮೇಷ್ಟ್ರಾಗಿ ಇದನ್ನು ನಾನು ಒಪ್ಪಬೇಕು. ಆದರೆ ನನ್ನ ತಪ್ಪು ಇದ್ದದ್ದು ಬೇರೆ ಕಡೆ. ಐವತ್ತೊಂಬತ್ತನ್ನು ನಾವು ಮೂರು ಸಲ ಎಣಿಸಿದ್ದೆವು. ಮೂವತ್ತೆಂಟನ್ನು ಅಪ್ಪಯ್ಯ ಒಂದೊಂದಾಗಿ ಬರೆದಿದ್ದರು. ಆ ನೂರನ್ನು ಮಾತ್ರ ಯಾರೂ, ಯಾವತ್ತೂ ಎಣಿಸಿರಲಿಲ್ಲ. ತುಂಬಿದವನು ಎಣಿಸಲಿಲ್ಲ, ಮಾರಿದವನು ಎಣಿಸಲಿಲ್ಲ, ಕೊಂಡವರು ಎಣಿಸಲಿಲ್ಲ. ಎಣಿಸದ ಸಂಖ್ಯೆಯಿಂದ ಎಣಿಸಿದ ಸಂಖ್ಯೆಯನ್ನು ಕಳೆದು, ಉಳಿದ ಮೂರನ್ನು ಒಬ್ಬ ಹುಡುಗನ ಹಣೆಗೆ ಅಂಟಿಸಿದ್ದೆ. ಪ್ರಯೋಗದಲ್ಲಿ ಮೊದಲ ಅಳತೆಯನ್ನೇ ತೆಗೆದುಕೊಳ್ಳದೆ ಫಲಿತಾಂಶ ಬರೆದ ವಿದ್ಯಾರ್ಥಿಗೆ ನಾನು ಸೊನ್ನೆ ಕೊಡುತ್ತಿದ್ದೆ.

ಕೋವಿಯ ಸಾಮಾನುಗಳಲ್ಲಿ ಈ ತೂಕ ಎಣಿಕೆಗಳ ನಂಟು ಹಳೆಯದು. ಹನ್ನೆರಡು ಬೋರಿನ ಕೋವಿ ಎನ್ನುತ್ತೇವಲ್ಲ, ಆ ಹನ್ನೆರಡು ಅಂಗುಲವೂ ಅಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡು ಸೀಸವನ್ನು ಕರಗಿಸಿ ಹನ್ನೆರಡು ಸಮನಾದ ಗುಂಡು ಮಾಡಿದರೆ, ಅದರಲ್ಲಿ ಒಂದು ಗುಂಡು ಸರಿಯಾಗಿ ಹಿಡಿಸುವ ನಳಿಗೆ ಎಂದು ಅರ್ಥ. ಹತ್ತನೆಯ ತರಗತಿಯ ಹುಡುಗರೇ ಇದನ್ನು ತಾಳೆ ನೋಡಬಹುದು. ಒಂದು ಪೌಂಡು ಎಂದರೆ 453.6 ಗ್ರಾಂ, ಹನ್ನೆರಡರಿಂದ ಭಾಗಿಸಿದರೆ 37.8 ಗ್ರಾಂ. ಸೀಸದ ಸಾಂದ್ರತೆ 11.34. ಗೋಳದ ಘನಫಲದ ಸೂತ್ರ ಹಾಕಿದರೆ ವ್ಯಾಸ ಹದಿನೆಂಟೂವರೆ ಮಿಲಿಮೀಟರು ಬರುತ್ತದೆ. ಬೋರಿನ ಸಂಖ್ಯೆ ಹೆಚ್ಚಾದಷ್ಟೂ ನಳಿಗೆ ಕಿರಿದಾಗುವುದು ಇದರಿಂದಲೇ.

ಚರೆಯದೂ ಚೆಂದದ ಕಥೆ. 1782ರಲ್ಲಿ ಬ್ರಿಸ್ಟಲ್ ಊರಿನ ವಿಲಿಯಂ ವಾಟ್ಸ್ ಎಂಬ ಕೊಳಾಯಿ ಕೆಲಸದವನು, ಕರಗಿದ ಸೀಸವನ್ನು ಜರಡಿಯ ಮೂಲಕ ಎತ್ತರದಿಂದ ನೀರಿಗೆ ಬೀಳಿಸಿ ದುಂಡನೆಯ ಚರೆ ಮಾಡುವ ವಿಧಾನಕ್ಕೆ ಹಕ್ಕುಪತ್ರ ಪಡೆದ. ಬೀಳುವ ಹನಿ ಮೇಲ್ಮೈ ಸೆಳೆತದಿಂದ ತಾನೇ ಗುಂಡಾಗುತ್ತದೆ. ಗಾತ್ರದ ಪ್ರಕಾರ ಜರಡಿ ಹಿಡಿದು ಬೇರ್ಪಡಿಸಿ ಚರೆಯನ್ನು ತೂಕದಲ್ಲೇ ಮಾರುವುದರಿಂದ ಅಲ್ಲಿ ಎಣಿಕೆಯ ತಕರಾರಿಲ್ಲ. ತೂಕದಲ್ಲಿ ತುಂಬಿ ಎಣಿಕೆಯಲ್ಲಿ ಮಾರಿದಾಗಲೇ ತೊಂದರೆ.

ನನ್ನ ಅಕ್ಕನ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಗುರಿಯಾಟದ ಹವ್ಯಾಸದವರು ಹೊಡೆದ ಹಿತ್ತಾಳೆ ತೋಟಾಗಳನ್ನು ಎಸೆಯದೆ ಮನೆಯಲ್ಲೇ ಮತ್ತೆ ಈಡು ತುಂಬಿಕೊಳ್ಳುತ್ತಾರೆ. ಖಾಲಿ ತೋಟಾ, ಕೇಪು, ಮದ್ದು, ಗುಂಡು, ನಾಲ್ಕನ್ನೂ ಬೇರೆ ಬೇರೆ ಕೊಳ್ಳಬಹುದು. ಊರಿಗೆ ಬಂದಾಗ ಅವನಿಗೆ ಈ ಕಥೆ ಹೇಳಿದೆ. ಅವನು ನಕ್ಕು, "ಮಾವಯ್ಯ, ಅಲ್ಲೂ ಹಾಗೇ. ನೂರು ಗುಂಡಿನ ಪೆಟ್ಟಿಗೆಯಲ್ಲಿ ಒಂದು ಹೆಚ್ಚೋ ಕಮ್ಮಿಯೋ ಬರುತ್ತೆ. ಆದ್ರೆ ಕೇಪಿನದು ಹಾಗಲ್ಲ" ಎಂದ. ಅಲ್ಲಿ ಕೇಪನ್ನು ನೂರು ಗುಳಿಗಳ ತಟ್ಟೆಯಲ್ಲಿ ಒಂದೊಂದು ಗುಳಿಗೆ ಒಂದರಂತೆ ಕೂರಿಸಿರುತ್ತಾರಂತೆ. ಅಂಥ ಹತ್ತು ತಟ್ಟೆ ಸೇರಿದರೆ ಸಾವಿರದ ಪೆಟ್ಟಿಗೆ. ಒತ್ತೊತ್ತಾಗಿ ರಾಶಿ ಹಾಕಿದರೆ ಒಂದು ಸಿಡಿದು ಉಳಿದವನ್ನೂ ಸಿಡಿಸಬಹುದೆಂಬ ಭಯಕ್ಕೆ ಹಾಗೆ ಬಿಡಿಬಿಡಿಯಾಗಿ ಇಡುವುದು. ಆದರೆ ಅದರಿಂದ ಇನ್ನೊಂದು ಉಪಕಾರವೂ ಆಗಿದೆ. ಒಂದು ಗುಳಿ ಖಾಲಿಯಿದ್ದರೆ ಮೊದಲ ನೋಟಕ್ಕೇ ಕಾಣುತ್ತದೆ. ನಮ್ಮ ಮಾತ್ರೆಯ ಪಟ್ಟಿ, ಮೊಟ್ಟೆಯ ತಟ್ಟೆ ಎಲ್ಲ ಇದೇ ಉಪಾಯ. ಎಣಿಸಬೇಕಾಗಿಲ್ಲ, ನೋಡಿದರೆ ಸಾಕು.

ಅವನು ಹೇಳಿದ ಇನ್ನೊಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಈಡು ತುಂಬುವವರು ಕೊನೆಯಲ್ಲಿ ಉಳಿದ ಸಾಮಾನಿನ ಲೆಕ್ಕ ನೋಡುತ್ತಾರಂತೆ. ಐವತ್ತು ತೋಟಾ, ಐವತ್ತು ಕೇಪು, ಐವತ್ತು ಗುಂಡು ಇಟ್ಟುಕೊಂಡು ಕೂತವನಿಗೆ ಕೊನೆಗೆ ಒಂದು ಕೇಪು ಉಳಿದರೆ, ಯಾವುದೋ ತೋಟಾಕ್ಕೆ ಕೇಪು ಹಾಕಿಲ್ಲ ಎಂದು ಗೊತ್ತಾಗುತ್ತದೆ. ಆದರೆ ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನೇ ನಂಬಿ ಕೂತವನಿಗೆ ಈ ಪರೀಕ್ಷೆ ಪ್ರಯೋಜನಕ್ಕೆ ಬಾರದು. ಒಂದು ಗುಂಡು ಉಳಿದರೆ ತಾನು ತಪ್ಪಿದೆನೋ, ಪೆಟ್ಟಿಗೆಯಲ್ಲೇ ಐವತ್ತೊಂದಿತ್ತೋ ಹೇಗೆ ಹೇಳುವುದು? ಆದ್ದರಿಂದ ತಿಳಿದವರು ಮೊದಲು ಎಣಿಸಿಟ್ಟುಕೊಂಡು ಆಮೇಲೆ ಕೆಲಸಕ್ಕೆ ಕೈಹಾಕುತ್ತಾರಂತೆ. ಇಷ್ಟು ಸಣ್ಣ ವಿಷಯ ನನಗೆ 1995ರಲ್ಲಿ ಹೊಳೆಯದೆ ಹೋಯಿತಲ್ಲ ಎಂದು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ.

ಪೊಟ್ಟಣದ ಸರಕುಗಳಿಗೆ ನಮ್ಮ ದೇಶದಲ್ಲಿ ಕಾನೂನಿಲ್ಲವೆಂದಲ್ಲ. 1977ರಲ್ಲೇ ನಿಯಮಗಳು ಬಂದವು. ಈಗಿರುವುದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಮತ್ತು ಅದರಡಿ ಬಂದ 2011ರ ನಿಯಮಗಳು. ಪೊಟ್ಟಣದ ಮೇಲೆ ತೂಕ, ಅಳತೆ ಇಲ್ಲವೇ ಸಂಖ್ಯೆಯನ್ನು ಬರೆಯಲೇಬೇಕು. ಆದರೆ ಯಂತ್ರ, ಮನುಷ್ಯ ಇಬ್ಬರೂ ತಪ್ಪುವವರೇ ಎಂದು ಅರಿತು, ಇಷ್ಟರವರೆಗೆ ವ್ಯತ್ಯಾಸವಾದರೆ ಅಪರಾಧವಲ್ಲ ಎಂಬ ಮಿತಿಯನ್ನೂ ಅದರಲ್ಲೇ ಹೇಳಿದ್ದಾರೆ. ಪರೀಕ್ಷಿಸುವ ಅಧಿಕಾರಿ ಹಲವು ಪೊಟ್ಟಣಗಳನ್ನು ತೆಗೆದು ಸರಾಸರಿ ನೋಡುತ್ತಾನೆ. ಇದರಲ್ಲಿ ತಪ್ಪೇನಿಲ್ಲ. ಸಾವಿರಾರು ಡಬ್ಬಿ ತುಂಬುವವನಿಗೆ ಸರಾಸರಿಯೇ ನ್ಯಾಯ.

ಆದರೆ ಕೊಳ್ಳುವವನ ಕೈಗೆ ಸರಾಸರಿ ಬರುವುದಿಲ್ಲ, ಒಂದು ಡಬ್ಬಿ ಬರುತ್ತದೆ. ಮದ್ದುಗುಂಡಿನ ಲೈಸೆನ್ಸ್ ಪುಸ್ತಕಕ್ಕಂತೂ ಸರಾಸರಿ ಎಂಬ ಮಾತೇ ಗೊತ್ತಿಲ್ಲ. ಅಲ್ಲಿ ನೂರು ಎಂದರೆ ನೂರೇ. ತುಂಬುವವನ ಮನೆಯಲ್ಲಿ ಆ ಮೂರು ತಗಡಿನ ದಪ್ಪದ ವಿಚಾರ. ನಮ್ಮ ಜಗಲಿಗೆ ಬಂದಾಗ ಅದೇ ಮೂರು ಅಪ್ಪಯ್ಯನ ಮರ್ಯಾದೆಯ ವಿಚಾರವಾಯಿತು. ನನ್ನ ತರಗತಿಗೆ ಬಂದಾಗ ಒಬ್ಬ ಹುಡುಗ ಕಳ್ಳನಾದ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತೆಂದು ಕಾಣುತ್ತದೆ. ವೀಳ್ಯದೆಲೆ, ತೆಂಗಿನಕಾಯಿ ಕೊಡುವಾಗ ಎಣಿಸಿದ ಮೇಲೆ ಒಂದಿಷ್ಟು ಕೊಸರು ಹಾಕುವ ಪದ್ಧತಿ ಇತ್ತಲ್ಲ, ಅದು ಬರೀ ಧಾರಾಳತನವಲ್ಲ. ಎಣಿಕೆಯಲ್ಲಿ ತಪ್ಪಿದ್ದರೆ ಅದರ ಹೊರೆ ಕೊಳ್ಳುವವನ ಮೇಲೆ ಬೀಳದಿರಲಿ ಎಂಬ ಎಚ್ಚರ ಕೂಡ. ತಗಡಿನ ಡಬ್ಬಿಗೆ ಕೊಸರು ಹಾಕುವವರು ಯಾರು?

ಆ ಶನಿವಾರ ಪೇಟೆಯಿಂದ ಬಂದವನು ಮನೆಗೆ ಹೋಗದೆ ನೇರವಾಗಿ ಹುಡುಗನ ಗುಡಿಸಲಿಗೆ ಹೋದೆ. ಅವನಿರಲಿಲ್ಲ. ತಾಯಿ ಅಂಗಳದಲ್ಲಿ ಸೊಪ್ಪಿನ ಹೊರೆ ಬಿಚ್ಚುತ್ತಿದ್ದಳು. "ಚಿಕ್ಕಮ್ಮನ ಊರಿಗೆ ಕಳ್ಸೀನಿ ಅಯ್ಯಾ. ಅಡಿಕೆ ಸುಲಿಯಾಕೆ ಹೋಯ್ತಾನೆ" ಎಂದಳು. ನನ್ನ ಮುಖ ನೋಡಲಿಲ್ಲ. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ತಪ್ಪು ನನ್ನದು ಎಂದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, "ಅವ ಕದ್ದಿಲ್ಲ ಅಂತ ನನಗೆ ಅವತ್ತೇ ಗೊತ್ತಿತ್ತು. ನೀವು ಒಂದ್ಸಲ ನನ್ನ ಕೇಳಬೋದಾಗಿತ್ತು" ಎಂದಳು. ಆ ಮಾತಿಗೆ ಉತ್ತರ ಇವತ್ತಿಗೂ ನನ್ನಲ್ಲಿಲ್ಲ.

ಭಾನುವಾರ ಸೈಕಲ್ ಹತ್ತಿ ಆ ಊರಿಗೆ ಹೋಗಿ ಅವನನ್ನು ಕರೆದುಕೊಂಡು ಬಂದೆ. ಸೋಮವಾರ ಅದೇ ತರಗತಿಯಲ್ಲಿ, ಅದೇ ನಲವತ್ತು ಮಕ್ಕಳ ಮುಂದೆ, ಡಬ್ಬಿಯ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆದೆ. ನೂರು ಎಂಬ ಅಂಕಿಯ ಸುತ್ತ ಒಂದು ವೃತ್ತ ಎಳೆದು, "ಇದನ್ನು ನಾನು ಎಣಿಸಿರಲಿಲ್ಲ. ಎಣಿಸದೆ ಇವನನ್ನು ಕಳ್ಳ ಎಂದೆ. ತಪ್ಪಾಯಿತು" ಎಂದೆ. ತರಗತಿ ಗಪ್ಪಾಯಿತು. ಮೇಷ್ಟ್ರು ತಪ್ಪಾಯಿತು ಎನ್ನುವುದನ್ನು ಅವರು ಕೇಳಿರಲಿಲ್ಲ, ನಾನೂ ಅದುವರೆಗೆ ಹೇಳಿರಲಿಲ್ಲ. ಅವನು ಆ ವರ್ಷ ಪಾಸಾದ, ಮುಂದಿನ ವರ್ಷ ಎಸ್ಸೆಸ್ಸೆಲ್ಸಿಯನ್ನೂ ಮುಗಿಸಿದ. ಆದರೆ ಮುಂದಿನ ಬೆಂಚಿನಲ್ಲಿ ಮತ್ತೆ ಕೂರಲಿಲ್ಲ. ಪ್ರಶ್ನೆಯನ್ನೂ ಕೇಳಲಿಲ್ಲ. ನನ್ನ ಕ್ಷಮೆಯಿಂದ ಅವನ ಹೆಸರು ಶುದ್ಧವಾಗಿರಬಹುದು, ಆ ಪ್ರಶ್ನೆಗಳನ್ನು ಮಾತ್ರ ನಾನು ಅವನಿಗೆ ಹಿಂದಕ್ಕೆ ಕೊಡಲಾಗಲಿಲ್ಲ.

ಅಪ್ಪಯ್ಯ ತಮ್ಮ ನೋಟುಪುಸ್ತಕದಲ್ಲಿ ಆ ದಿನದ ತಾರೀಖು ಹಾಕಿ "ಡಬ್ಬಿಯಲ್ಲಿ ಅಚ್ಚಾದದ್ದು 100, ಎಣಿಸಿದಾಗ ಬಂದದ್ದು 98" ಎಂದು ಬರೆದು ಅಂಗಡಿಯವರ ಸಹಿ ಹಾಕಿಸಿಕೊಂಡು ಬಂದರು. ಆಮೇಲೆ ಯಾವ ಡಬ್ಬಿಯನ್ನೂ ಮನೆಗೆ ಬಂದು ಒಡೆಯಲಿಲ್ಲ. ಅಂಗಡಿಯ ಮೇಜಿನ ಮೇಲೇ ಒಡೆಯುವುದು, ಅಲ್ಲೇ "ಲಾಭ, ಎರಡು, ಮೂರು", ಅಷ್ಟನ್ನೇ ಬರೆಸುವುದು. ಅಂಗಡಿಯವರು ಮೊದಲು ಗೊಣಗಿದರು. ಕೊನೆಗೆ ಅಪ್ಪಯ್ಯ ಮೆಟ್ಟಿಲು ಹತ್ತುವುದನ್ನು ಕಂಡರೆ ತಾವೇ ಒಂದು ಪತ್ರಿಕೆಯ ಹಾಳೆ ಹಾಸುತ್ತಿದ್ದರು.

2011ರಲ್ಲಿ ಅಪ್ಪಯ್ಯ ತೀರಿಕೊಂಡರು. ಲೈಸೆನ್ಸ್‌ದಾರರು ಇಲ್ಲವಾದಮೇಲೆ ಕೋವಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಹದಿನಾಲ್ಕನೆಯ ದಿನ ಕಳೆದು ಅದನ್ನು ಠಾಣೆಗೆ ಒಪ್ಪಿಸಲು ಹೋದೆ. ಜೊತೆಗೆ ಕೇಪಿನ ಡಬ್ಬಿಯನ್ನೂ ನೋಟುಪುಸ್ತಕವನ್ನೂ ಒಯ್ದಿದ್ದೆ. ಅಲ್ಲಿದ್ದ ಎಳೆಯ ಪೊಲೀಸಿನವರು ಕೇಪುಗಳನ್ನು ಮೇಜಿನ ಮೇಲೆ ಸುರಿದು ಎಣಿಸಿ, ಪುಸ್ತಕ ನೋಡಿ, "ಸರಿಯಾಗಿದೆ ಮೇಷ್ಟ್ರೇ. ಒಂದೂ ಹೆಚ್ಚು ಕಮ್ಮಿಯಿಲ್ಲ" ಎಂದರು. ಅಪ್ಪಯ್ಯ ಇದ್ದು ಕೇಳಿಸಿಕೊಂಡಿದ್ದರೆ ಎನ್ನಿಸಿತು.

ಪ್ರತಿವರ್ಷ ಒಂಬತ್ತನೆಯ ತರಗತಿಗೆ ನಾನೊಂದು ಪ್ರಯೋಗ ಮಾಡಿಸುತ್ತೇನೆ. ಪಠ್ಯದಲ್ಲಿಲ್ಲದ್ದು. ಒಬ್ಬೊಬ್ಬರೂ ಮನೆಯಿಂದ ಒಡೆಯದ ಬೆಂಕಿಪೊಟ್ಟಣ ತರಬೇಕು, ಕಡ್ಡಿ ಎಣಿಸಿ ಕಪ್ಪುಹಲಗೆಯ ಮೇಲೆ ಬರೆಯಬೇಕು. ಯಾವ ವರ್ಷವೂ ಎಲ್ಲರದೂ ಒಂದೇ ಬಂದದ್ದಿಲ್ಲ. ಕಡಿಮೆ ಬಂದವರು "ಮೋಸ ಸಾರ್!" ಎಂದು ಕೂಗುತ್ತಾರೆ. ಹೆಚ್ಚು ಬಂದವರು ಸುಮ್ಮನೆ ಕೂರುತ್ತಾರೆ. ಆಗ ಎಲ್ಲ ಸಂಖ್ಯೆಗಳನ್ನು ಕೂಡಿಸಿ ಸರಾಸರಿ ತೆಗೆಸಿ, "ಈಗ ಹೇಳಿ, ಯಾರು ಯಾರಿಗೆ ಮೋಸ ಮಾಡಿದರು?" ಎಂದು ಕೇಳುತ್ತೇನೆ. ಆಮೇಲೆ ಆ ನೂರರ ಡಬ್ಬಿಯ ಕಥೆ ಹೇಳುತ್ತೇನೆ. ನನ್ನ ಪಾಲನ್ನು ಬಿಡದೆ ಹೇಳುತ್ತೇನೆ.

ಹುಡುಗ ಈಗ ಹುಡುಗನಲ್ಲ. ಪೇಟೆಯಲ್ಲಿ ಸ್ವಂತದ ಒಂದು ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ. ಹೋದ ಬೇಸಿಗೆಯಲ್ಲಿ ಶಾಲೆಯ ಬೆಂಚುಗಳ ರಿಪೇರಿಗೆ ಐವತ್ತು ಬೋಲ್ಟು ಬೇಕಾಗಿತ್ತು, ಹೋದೆ. ಅವನು ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಹತ್ತು ಬೋಲ್ಟಿನ ತೂಕ ನೋಡಿ, ಅದರ ಐದರಷ್ಟು ತೂಗಿ ಚೀಲಕ್ಕೆ ಹಾಕಲು ಹೊರಟವನು ನನ್ನ ಕಡೆ ನೋಡಿ ನಿಲ್ಲಿಸಿದ. ಎಲ್ಲವನ್ನೂ ಮೇಜಿನ ಮೇಲೆ ಸುರಿದು ಒಂದೊಂದಾಗಿ ಎಣಿಸಿದ. ಐವತ್ತೇ ಇದ್ದವು.

"ತೂಕ ಸರಿಯಾಗೇ ಇತ್ತಲ್ಲಪ್ಪ" ಎಂದೆ.

"ಇತ್ತು ಸಾರ್. ಆದ್ರೂ ನಿಮ್ಮ ಮುಂದೆ ಎಣಿಸಿಯೇ ಕೊಡಬೇಕು" ಎಂದ. ನಗುತ್ತಿದ್ದನೋ ಇಲ್ಲವೋ ನನಗೆ ತಿಳಿಯಲಿಲ್ಲ. ಚೀಲ ಕಟ್ಟುವ ಮೊದಲು ಇನ್ನೊಂದು ಬೋಲ್ಟು ತೆಗೆದು ಅದರೊಳಗೆ ಹಾಕಿದ. ಬೇಡ ಎನ್ನಲು ಬಾಯಿ ತೆರೆದವನು, ಹೇಳದೆ ತೆಗೆದುಕೊಂಡು ಬಂದೆ.